ಮೆಕೆಂಜಿಗಳೆಲ್ಲ ಒಂದೇ ಮನೆಯವರೇ?

ಮಾನ್ಯರೇ,

ನಮ್ಮ ಹಿಂದಿನ ಸಂಚಿಕೆಯಲ್ಲಿ ಕೈಫಿಯತ್ತುಗಳ (ಊರೂರ ವೃತ್ತಾಂತಗಳ) ಕುರಿತು ಬಂದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ಅಮೆರಿಕದ ಆರೆಗನ್‌ನಲ್ಲಿರುವ ಮಗಳು ‘ಮೆಕೆಂಜಿ ಬ್ರಿಜ್’ ಎಂಬ ಊರಿನ ಫಲಕದ ಚಿತ್ರ ಕಳಿಸಿದ್ದಾಳೆ, ಕೆನಡಾದಲ್ಲಿ ಅದೇ ಹೆಸರಿನ ಮಹಾನದಿಯಿದೆ, ಇವೆಲ್ಲವೂ ನಮ್ಮ ಮೈಸೂರು ಸೀಮೆಯನ್ನು ಸರ್ವೆ ಮಾಡಿದ ಕಾಲಿನ್ ಮೆಕೆಂಜಿಯವರ ಹೆಸರಿನವೇ ಎಂದು ಕೇಳಿದ್ದೀರಿ. ಅಲ್ಲ. ಸ್ಕಾಟ್ಲೆಂಡಿನ ಒಂದೇ ಮನೆತನದ ಹೆಸರನ್ನು ಹೊತ್ತ ಮೂವರು ಬೇರೆ ಬೇರೆ ವ್ಯಕ್ತಿಗಳು ಇಲ್ಲಿದ್ದಾರೆ.

ಕಾಲಿನ್ ಮೆಕೆಂಜಿ 1783ರಲ್ಲಿ ಮದರಾಸಿಗೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸರ್ವೆಯ ಹೊಣೆ ಹೊತ್ತು, ಗಡಿ, ಕೆರೆ, ಬೆಟ್ಟಗಳ ಅಳತೆಯಷ್ಟಕ್ಕೇ ನಿಲ್ಲದೆ ಶಾಸನಗಳ ಪ್ರತಿ, ಓಲೆಗರಿ ಮತ್ತು ಊರೂರ ವೃತ್ತಾಂತಗಳನ್ನೂ ಕಲೆಹಾಕಿಸಿದರು. ಹಾಗೆಂದರೂ ಶಾನುಭೋಗರನ್ನು ಮಾತಿಗೆಳೆದು, ಕಡತ ಬಿಚ್ಚಿಸಿ ಬರೆದುಕೊಂಡವರು ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸಹೋದರರು ಹಾಗೂ ಜೈನ ಪಂಡಿತ ಧರ್ಮಯ್ಯನಂಥವರು; ಸಂಗ್ರಹಕ್ಕೆ ಮೆಕೆಂಜಿ ದೊರೆಯ ಹೆಸರೊಂದೇ ಉಳಿದದ್ದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ. 1815ರಲ್ಲಿ ಮೆಕೆಂಜಿ ಭಾರತದ ಮೊದಲ ಸರ್ವೇಯರ್ ಜನರಲ್ ಆದರು.

ಕೆನಡಾದ ನದಿಯ ಹೆಸರು ಅಲೆಗ್ಸಾಂಡರ್ ಮೆಕೆಂಜಿಯದು. ಕಾಲಿನ್‌ರಂತೆ ಅವರೂ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರಿನಲ್ಲೇ ಹುಟ್ಟಿದವರಾದ್ದರಿಂದ ನಿಮ್ಮ ಊಹೆ ಸಹಜವೇ. ಆದರೆ 1610ರ ಹೊತ್ತಿಗೆ ಆ ದ್ವೀಪ ಮೆಕೆಂಜಿ ಕುಲದ ಒಡೆಯರ ವಶವಾಗಿತ್ತು. ಒಡೆಯರ ರಕ್ತಸಂಬಂಧಿಗಳಲ್ಲದ ಒಕ್ಕಲುಗಳೂ ಅವರ ಹೆಸರನ್ನೇ ಇಟ್ಟುಕೊಳ್ಳುವುದು ಸ್ಕಾಟ್ಲೆಂಡಿನ ಆ ಮಲೆಸೀಮೆಯಲ್ಲಿ ರೂಢಿ. ನಮ್ಮಲ್ಲಿ ಪಾಟೀಲರೆಲ್ಲ ದಾಯಾದಿಗಳಲ್ಲದಂತೆ ಅಲ್ಲಿ ಊರು, ಹೆಸರು ಎರಡೂ ಕೂಡಿದರೂ ಬಂಧುತ್ವ ಸಾಬೀತಾಗುವುದಿಲ್ಲ. ತುಪ್ಪಳದ ವ್ಯಾಪಾರಿಯಾಗಿದ್ದ ಅಲೆಗ್ಸಾಂಡರ್ 1789ರಲ್ಲಿ ಆ ನದಿಯ ಗುಂಟ ದೋಣಿಯಲ್ಲಿ ಸಾಗಿ ಉತ್ತರ ಧ್ರುವಸಾಗರವನ್ನು ಮುಟ್ಟಿದರು. ನಾಲ್ಕು ವರ್ಷಗಳ ಮೇಲೆ ಪಶ್ಚಿಮದ ಪೆಸಿಫಿಕ್ ತೀರಕ್ಕೆ ಬಂದು, ಇಂಗುಲೀಕವೆಂಬ ಕೆಂಪು ಬಣ್ಣವನ್ನು ಕೊಬ್ಬಿನಲ್ಲಿ ಕಲಸಿ, ಕೆನಡಾದಿಂದ ನೆಲದ ದಾರಿಯಲ್ಲಿ ಬಂದೆನೆಂದು ಬಂಡೆಯೊಂದರ ಮೇಲೆ ಬರೆದರು. 1793ರ ಜುಲೈ 22 ಎಂಬ ತಾರೀಕು ಸಹಿತ.

ಆ ನದಿಯನ್ನು ದಾಟುವ ರಸ್ತೆ ಸೇತುವೆಗೆ ಮಾತ್ರ ಅವರ ಹೆಸರಿಲ್ಲ. 2012ರವರೆಗೆ ಫೋರ್ಟ್ ಪ್ರಾವಿಡೆನ್ಸ್ ಬಳಿ ಬೇಸಿಗೆಯಲ್ಲಿ ಫೆರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲಣ ದಾರಿ. ಮಂಜು ಕಟ್ಟುವ ಮತ್ತು ಒಡೆಯುವ ವಾರಗಳಲ್ಲಿ ಎರಡೂ ಇಲ್ಲದೆ ಯೆಲ್ಲೊನೈಫ್ ನಗರಕ್ಕೆ ರಸ್ತೆಯ ಸಂಪರ್ಕವೇ ಕಡಿಯುತ್ತಿತ್ತು. ಆ ವರ್ಷ ತೆರೆದ, ಒಂದು ಕಿಲೋಮೀಟರಿಗೂ ಉದ್ದದ ಸೇತುವೆಗೆ ಸ್ಥಳೀಯ ದೆನೆ ಜನರು ನದಿಯನ್ನು ಕರೆಯುವ ‘ದೆ ಚೊ’ ಹೆಸರನ್ನೇ ಇಟ್ಟರು. ಅದು ಸರಿಯಾದ ಕೆಲಸವೆಂದೇ ನನ್ನ ಅಭಿಪ್ರಾಯ.

ಇನ್ನು ನಿಮ್ಮ ಮಗಳು ಕಂಡ ಊರು. ಅದು ಮೆಕೆಂಜಿ ನದಿಯ ದಂಡೆಯ ಮೇಲಿದೆ. ನದಿಗೆ ಹೆಸರು ಬಂದದ್ದು 1812ರಲ್ಲಿ ಆರೆಗನ್ನಿನ ವಿಲಾಮೆಟ್ ಕಣಿವೆಯನ್ನು ಶೋಧಿಸಿದ ಡೊನಾಲ್ಡ್ ಮೆಕೆಂಜಿಯಿಂದ. ಇಲ್ಲಿ ನಿಮ್ಮ ಊಹೆ ಅರ್ಧ ನಿಜವಾಗುತ್ತದೆ, ಏಕೆಂದರೆ ಡೊನಾಲ್ಡ್ ಕೆನಡಾದ ಅಲೆಗ್ಸಾಂಡರ್ ಅವರ ಬಂಧುವೇ ಹೌದು. ಅದೇ ನದಿಯ ಮೇಲೆ, ವೈಡಾ ಊರಿನ ಹತ್ತಿರ, 1938ರಲ್ಲಿ ಕಟ್ಟಿದ ಗುಡ್‌ಪಾಸ್ಚರ್ ಎಂಬ ಮರದ ಸೇತುವೆಯಿದೆ. ಮಳೆಗೆ ತೊಲೆಗಳು ಕೊಳೆಯದಿರಲೆಂದು ಇಡೀ ಸೇತುವೆಗೆ ಗೋಡೆ, ಛಾವಣಿಗಳನ್ನು ಹೊದಿಸಿದ್ದಾರೆ. ವಾಹನಗಳು ಒಂದು ಉದ್ದನೆಯ ಮನೆಯೊಳಗೆ ಹೊಕ್ಕು ಹೊರಬೀಳುತ್ತವೆ.

ಇಂಗ್ಲಿಷಿನಲ್ಲಿ ಈ ಹೆಸರಿನ ಮೊದಲಿಗೆ ಬರುವ ‘ಮ್ಯಾಕ್’ ಮತ್ತು ‘ಮೆಕ್’ ಎಂಬ ಕಾಗುಣಿತಭೇದದಿಂದ ಮನೆತನಗಳನ್ನು ಬೇರ್ಪಡಿಸಲು ಬರುವುದಿಲ್ಲ. ಡೊನಾಲ್ಡ್ ಹೆಸರನ್ನೇ ಎರಡೂ ಬಗೆಯಲ್ಲಿ ಬರೆದದ್ದುಂಟು.

ನೀವು ಕೇಳದಿದ್ದರೂ ನಾಲ್ಕನೆಯವನೊಬ್ಬನನ್ನು ಹೇಳಿಬಿಡುತ್ತೇನೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಕುರುಬ ಜೇಮ್ಸ್ ಮೆಕೆಂಜಿ 1855ರಲ್ಲಿ ಸಾವಿರ ಕುರಿಗಳೊಂದಿಗೆ ಸಿಕ್ಕಿಬಿದ್ದು, ಕಳ್ಳತನಕ್ಕಾಗಿ ಐದು ವರ್ಷದ ಶಿಕ್ಷೆಗೆ ಗುರಿಯಾಗಿ, ವಿಚಾರಣೆಯಲ್ಲಿ ಲೋಪವಿತ್ತೆಂದು ಮರುವರ್ಷವೇ ಕ್ಷಮೆ ಪಡೆದ. ಅವನು ಹಿಂಡು ಹೊಡೆದುಕೊಂಡು ಹೋಗುತ್ತಿದ್ದ ಆ ವಿಶಾಲ ಹುಲ್ಲುಗಾವಲು ಸೀಮೆಯನ್ನು ಅಲ್ಲಿನ ಸರ್ಕಾರದ ನಕಾಶೆಗಳೂ ಈಗ ಮೆಕೆಂಜಿ ಜಿಲ್ಲೆಯೆಂದೇ ತೋರಿಸುತ್ತವೆ.

— ಸಂಪಾದಕ