ಸಂಪಾದಕರ ಉತ್ತರ: ಹಾಡಲಾಗದ ಭಾನುವಾರಗಳು

ಪ್ರಿಯ ಸಹೋದರಿ,

ಪುಣೆಯ ಖಡಕಿಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ಮುಂಬಯಿಯ ನಮ್ಮ ಕಚೇರಿಗೆ ತಲುಪಿತು. ಹೆಸರು ಹಾಕಬೇಡಿರೆಂದು ಕೇಳಿದ್ದೀರಿ, ಹಾಗೆಯೇ ಆಗಲಿ. ಗದಗಿನಿಂದ ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಊರಿನಲ್ಲಿ, ಹೋದ ಮಳೆಗಾಲದಲ್ಲಿ ಯಜಮಾನರು ತೀರಿಕೊಂಡರು, ದೀಪಾವಳಿಯ ಹೊತ್ತಿಗೆ ಮಗನ ಕೆಲಸವೂ ಹೋಯಿತು, ಮನೆ ಬಾಡಿಗೆಗಾಗಿ ಬಳೆ ಅಡವಿಟ್ಟಿರಿ ಎಂಬುದನ್ನು ಓದಿ ಮನಸ್ಸು ಭಾರವಾಯಿತು. ಆದರೂ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಪುಟ. ‘ಕರ್ತನಲ್ಲಿ ಯಾವಾಗಲೂ ಸಂತೋಷಪಡಿರಿ ಎಂದು ವಾಕ್ಯವೇ ಹೇಳುವಾಗ ನೀವಿನ್ನೂ ಅಳುತ್ತಿದ್ದರೆ ಅದು ವಿಶ್ವಾಸದ ಕೊರತೆ’ ಎಂದು ಪ್ರಾರ್ಥನಾ ಕೂಟದಲ್ಲಿ ಹಿರಿಯರೊಬ್ಬರು ಅಂದರಂತೆ. ಅಂದಿನಿಂದ ಆರಾಧನೆಯಲ್ಲಿ ಹಾಡಿನ ಪುಸ್ತಕ ಬಿಚ್ಚಿ ನಿಂತರೂ ಗಂಟಲಿನಿಂದ ಸ್ವರ ಹೊರಡುವುದಿಲ್ಲವೆಂದೂ, ನಿಮ್ಮ ಅಳು ಪಾಪವೇ ಎಂದೂ ಕೇಳಿದ್ದೀರಿ.

ಪಾಪವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲಾಜರನ ಸಮಾಧಿಯ ಬಳಿ ಯೇಸುವೇ ಕಣ್ಣೀರಿಟ್ಟಿರುವಾಗ, ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿನ ಅಳುವನ್ನು ಪಾಪವೆನ್ನುವ ಅಧಿಕಾರ ಯಾರಿಗೂ ಇಲ್ಲ.

ಆ ಹಿರಿಯರು ಎತ್ತಿ ಹೇಳಿದ ವಚನ, ಅಪೊಸ್ತಲ ಪೌಲನು ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ನಾಲ್ಕನೆಯ ವಚನ. ಇಡೀ ಪತ್ರಿಕೆ ನಾಲ್ಕೇ ಅಧ್ಯಾಯ; ಒಂದು ಸಂಜೆ, ಒಲೆಯ ಕೆಲಸ ಮುಗಿದ ಮೇಲೆ, ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಓದಿ. ಬರೆದವನು ಸೆರೆಯಲ್ಲಿದ್ದಾನೆ, ತಾನು ಬದುಕುವೆನೋ ಸಾಯುವೆನೋ ಅವನಿಗೆ ಗೊತ್ತಿಲ್ಲ. ಎರಡನೆಯ ಅಧ್ಯಾಯದಲ್ಲಿ, ಫಿಲಿಪ್ಪಿಯಿಂದ ನೆರವು ಹೊತ್ತು ಬಂದ ಎಪಫ್ರೊದೀತನು ಸಾಯುವಷ್ಟು ಕಾಯಿಲೆ ಬಿದ್ದು ಚೇತರಿಸಿಕೊಂಡದ್ದನ್ನು ಹೇಳುತ್ತ, ತನಗೆ ದುಃಖದ ಮೇಲೆ ದುಃಖ ಬಾರದಂತೆ ದೇವರು ತನ್ನನ್ನೂ ಕರುಣಿಸಿದನು ಎನ್ನುತ್ತಾನೆ. ಅಂದರೆ ಒಂದು ದುಃಖ ಆಗಲೇ ಅವನ ಹೆಗಲ ಮೇಲಿತ್ತು, ಇನ್ನೊಂದನ್ನು ತಾಳಿಕೊಳ್ಳುವೆನೆಂಬ ಧೈರ್ಯ ಅವನಿಗಿರಲಿಲ್ಲ. ಮೂರನೆಯ ಅಧ್ಯಾಯದಲ್ಲಿ ‘ಈಗ ಅಳುತ್ತಾ ಹೇಳುತ್ತೇನೆ’ ಎಂದು ಬಾಯಿಬಿಟ್ಟೇ ಹೇಳುತ್ತಾನೆ. ಸಂತೋಷಪಡಿರಿ ಎಂಬ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ, ಅದೇ ಅಳುವಿನ ನಡುವಿನಿಂದ.

ಇನ್ನೊಂದು ಸಂಗತಿಯನ್ನು ನಿಮ್ಮ ಸಭೆಯ ಹಿರಿಯರೂ ಓದಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ. ಆ ನಾಲ್ಕನೆಯ ಅಧ್ಯಾಯದ ಹತ್ತನೆಯ ವಚನದಲ್ಲಿ ಪೌಲನು ತಾನು ಬಹಳವಾಗಿ ಸಂತೋಷಪಟ್ಟೆನೆಂದು ಹೇಳಿ, ಅದರ ಕಾರಣವನ್ನೂ ಕೊಡುತ್ತಾನೆ: ಫಿಲಿಪ್ಪಿಯವರಿಗೆ ತನ್ನ ಮೇಲಿದ್ದ ಕಾಳಜಿ ಮತ್ತೆ ಚಿಗುರಿತು. ಹದಿನಾಲ್ಕನೆಯ ವಚನದಲ್ಲಿ, ತನ್ನ ಸಂಕಟದಲ್ಲಿ ಅವರು ಪಾಲುಗಾರರಾದದ್ದು ಒಳ್ಳೆಯದಾಯಿತು ಎನ್ನುತ್ತಾನೆ. ನಾಲ್ಕನೆಯ ವಚನವನ್ನು ಬಾಯಿಪಾಠ ಹೇಳುವವರು ಹದಿನಾಲ್ಕನೆಯದನ್ನು ಮರೆತರೆ, ವಾಕ್ಯವನ್ನು ಅರ್ಧ ಹರಿದು ಕೈಗೆ ಕೊಟ್ಟಂತಾಗುತ್ತದೆ. ಇದೇ ಫಿಲಿಪ್ಪಿಯಲ್ಲಿ, ಪೌಲನು ಮೊದಲೊಮ್ಮೆ ಛಡಿಯೇಟು ತಿಂದು ಕಾಲುಗಳಿಗೆ ಕೋಳ ಬಿಗಿಸಿಕೊಂಡು ಮಧ್ಯರಾತ್ರಿ ಹಾಡಿದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಆ ರಾತ್ರಿ ಅವನು ಒಂಟಿಯಾಗಿ ಹಾಡಲಿಲ್ಲ, ಪಕ್ಕದಲ್ಲಿ ಜೊತೆಗಾರ ಸೀಲನಿದ್ದನು.

ನಿಮ್ಮ ಊರಿನ ಹತ್ತಿರದ್ದೇ ಒಂದು ಜೀವನವನ್ನು ನೆನಪಿಸುತ್ತೇನೆ. ಖಡಕಿಯಿಂದ ಪುಣೆಗೆ ಬಂದು ದೌಂಡ್ ಕಡೆಯ ರೈಲು ಹಿಡಿದರೆ ಕೇಡಗಾಂವ್ ಸಿಗುತ್ತದೆ. ಅಲ್ಲಿರುವುದು ನಿರ್ಗತಿಕ ಹೆಣ್ಣುಮಕ್ಕಳಿಗಾಗಿ ಪಂಡಿತಾ ರಮಾಬಾಯಿಯವರು ಕಟ್ಟಿದ ಮುಕ್ತಿ ಮಿಷನ್. ನಮ್ಮ ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ಆಕೆ, ಹುಟ್ಟಿದ್ದು 1858ರಲ್ಲಿ. ಬರಗಾಲದಲ್ಲಿ ತಂದೆ ತಾಯಿಯರನ್ನೂ ಅಕ್ಕನನ್ನೂ, 1880ರಲ್ಲಿ ಅಣ್ಣನನ್ನೂ, 1882ರಲ್ಲಿ ಗಂಡನನ್ನೂ ಕಳೆದುಕೊಂಡು, ಕಂಕುಳಲ್ಲಿ ಎಳೆಯ ಮಗಳೊಬ್ಬಳನ್ನು ಉಳಿಸಿಕೊಂಡಿದ್ದ ವಿಧವೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಸಂತೋಷ ಅಂದೇ ಬಂದಿತೇ ಎಂದರೆ, ಇಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷಗಳ ಮೇಲೆ, ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತನು ಸಿಕ್ಕಿರಲಿಲ್ಲ ಎಂಬುದು ತಿಳಿಯಿತೆಂದು ಅವರೇ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಸಂಸ್ಕೃತದ ಪಾಂಡಿತ್ಯಕ್ಕೆ ‘ಸರಸ್ವತಿ’ ಎಂಬ ಬಿರುದು ಪಡೆದಿದ್ದ ಅಂಥ ವಿದುಷಿಗೆ ಎಂಟು ವರ್ಷ ಹಿಡಿಯಿತು. ನಿಮಗೆ ಎಂಟು ತಿಂಗಳಲ್ಲಿ ಹಾಡು ಬರಲಿಲ್ಲವೆಂದು ನೀವೇಕೆ ನಾಚಬೇಕು? ಸಂತೋಷ ಸಿಕ್ಕ ಮೇಲೂ ರಮಾಬಾಯಿಯವರ ಕಷ್ಟಗಳು ಮುಗಿಯಲಿಲ್ಲ. ಮಧ್ಯ ಪ್ರಾಂತ್ಯದಲ್ಲಿ 1896ರ ಬರ ಬಿದ್ದಾಗ, ಹಸಿವೆಯ ರುಚಿ ಬಲ್ಲ ಅವರು ಅಲ್ಲಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಸಾಕಿದರು. ಗುಲ್ಬರ್ಗದಲ್ಲಿ ಶಾಲೆ ನಡೆಸಿದ ಮಗಳು ಮನೋರಮಾ 1921ರಲ್ಲಿ ತೀರಿಕೊಂಡಳು. ವರ್ಷ ತುಂಬುವ ಮೊದಲೇ, 1922ರ ಏಪ್ರಿಲ್‌ನಲ್ಲಿ, ತಾಯಿಯೂ ಹೋದರು.

ನನ್ನದೂ ಒಂದು ಮಾತು. ಬಹಳ ವರ್ಷಗಳ ಹಿಂದೆ ನನ್ನ ಅಮ್ಮ ಪರೇಲಿನ ಆಸ್ಪತ್ರೆಯೊಂದರಲ್ಲಿದ್ದಾಗ, ಪ್ರಾರ್ಥಿಸಲು ಕಣ್ಣು ಮುಚ್ಚಿದರೆ ನನಗೆ ಔಷಧದ ಚೀಟಿಗಳೇ ಕಾಣುತ್ತಿದ್ದವು. ಪಕ್ಕದ ಹಾಸಿಗೆಯ ರೋಗಿಯ ಜೊತೆಗಿದ್ದ ವಿಜಾಪುರದ ಮುದುಕಿ ಒಂದು ರಾತ್ರಿ ಸ್ಟೀಲಿನ ಡಬ್ಬಿ ತೆರೆದು, ಕಟಿ ರೊಟ್ಟಿಯನ್ನು ಚೂರು ಮಾಡಿ ಹಾಲಿನಲ್ಲಿ ನೆನೆಸಿ, ಏನೂ ಒಲ್ಲೆನೆನ್ನುತ್ತಿದ್ದ ಅಮ್ಮನಿಗೆ ಚಮಚದಲ್ಲಿ ತಿನ್ನಿಸಿದಳು. ಆಕೆ ಕ್ರೈಸ್ತಳಲ್ಲ; ನಮ್ಮ ಹೆಸರನ್ನೂ ಕೇಳಲಿಲ್ಲ. ಅಮ್ಮ ನಾಲ್ಕು ಚಮಚ ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಭಾನುವಾರದ ಹಾಡಿನ ಎರಡು ಸಾಲನ್ನು ಉಸಿರಿನಲ್ಲೇ ಗುನುಗಿದಳು. ಮೂರನೆಯ ಸಾಲಿಗೆ ಕೆಮ್ಮು ಬಂದು ನಿಲ್ಲಿಸಿದಳು. ಮೂರು ವಾರಗಳ ನಂತರ ಅಮ್ಮ ಹೋದಳು. ಆ ಎರಡು ಸಾಲುಗಳಲ್ಲಿ ಇದ್ದದ್ದನ್ನು ಸಂತೋಷವೆಂದೇ ನಾನು ಇಂದಿಗೂ ಕರೆಯುತ್ತೇನೆ. ಕರ್ತನು ಹತ್ತಿರವಿದ್ದಾನೆ ಎಂದು ಪೌಲನು ಆ ನಾಲ್ಕನೆಯ ವಚನದ ಬೆನ್ನಿಗೇ ಬರೆದದ್ದು ನನಗೆ ಅರ್ಥವಾದದ್ದು ಆ ಚಮಚದಿಂದ.

ಆದ್ದರಿಂದ ಬರುವ ಭಾನುವಾರ ಬಲವಂತವಾಗಿ ಹಾಡಬೇಡಿ. ಪುಸ್ತಕ ಬಿಚ್ಚಿ ನಿಲ್ಲಿ, ಮಿಕ್ಕವರು ನಿಮ್ಮ ಪರವಾಗಿಯೂ ಹಾಡಲಿ. ರಾತ್ರಿ ನಿದ್ದೆ ಬಾರದಿದ್ದರೆ 88ನೆಯ ಕೀರ್ತನೆಯನ್ನು ಓದಿ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ಒಬ್ಬರೇ ಓದಬೇಡಿ, ಮಗನನ್ನೂ ಕೂರಿಸಿಕೊಳ್ಳಿ; ಅವನೂ ತಂದೆಯನ್ನು ಕಳೆದುಕೊಂಡವನೇ, ಅವನ ಅಳುವಿನ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ.

ಹದಿನಾಲ್ಕನೆಯ ವಚನದ ಬಗ್ಗೆ ಇಷ್ಟು ಬರೆದ ಮೇಲೆ ನಾನು ಸುಮ್ಮನಿರುವಂತಿಲ್ಲ. ನಿಮ್ಮ ಮಗ ಏನು ಓದಿದ್ದಾನೆ, ಯಾವ ಯಂತ್ರದ ಮೇಲೆ ಎಷ್ಟು ವರ್ಷ ಕೆಲಸ ಮಾಡಿದ್ದಾನೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕಳುಹಿಸಿ. ಚಾಕಣದ ಕಾರ್ಖಾನೆಗಳಲ್ಲಿ ನಮ್ಮ ಓದುಗರು ಕೆಲವರಿದ್ದಾರೆ. ಅವರೊಡನೆ ನಾನೇ ಮಾತನಾಡುತ್ತೇನೆ. ಬಳೆ ಯಾವ ತಾರೀಖಿನೊಳಗೆ ಬಿಡಿಸಬೇಕು ಎಂಬುದನ್ನೂ, ಸಂಕೋಚಪಡದೆ, ಅದೇ ಹಾಳೆಯಲ್ಲಿ ತಿಳಿಸಿ.