ತುಮಕೂರಿಗೆ ಮೆಟ್ರೋನೇ ಬರುತ್ತೆ ಅಂತಿರುವಾಗ ಸಬರ್ಬನ್ ರೈಲು ಬೇಕು ಅಂತ ಯಾಕೆ ಜಗಳ? ಎರಡೂ ಬಂದರೆ ಒಳ್ಳೇದಲ್ವಾ?

ಎರಡೂ ಬಂದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಎರಡಕ್ಕೂ ದುಡ್ಡು ಎಲ್ಲಿಂದ ತರುತ್ತಾರೆ? ಜಗಳ ಹುಟ್ಟಿರುವುದೇ ಅಲ್ಲಿ. ನಾನು ತುಮಕೂರಿನವನು, ರೈಲ್ವೆ ಪಾಸ್ ಮಾಡಿಸಿಕೊಂಡು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವನು. ರೈಲಿನ ಕಡೆಯವನು ಅಂತ ಮೊದಲೇ ಹೇಳಿಬಿಡುತ್ತೇನೆ.

ಮೆಟ್ರೋ ಮಾತು ಗಟ್ಟಿಯಾಗಿದ್ದು 2024ರ ರಾಜ್ಯ ಬಜೆಟ್‌ನಲ್ಲಿ. ಮಾದಾವರದ ಹತ್ತಿರದ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಿಂದ ತುಮಕೂರಿಗೆ ಖಾಸಗಿಯವರ ಜೊತೆ ಸೇರಿ ಮೆಟ್ರೋ ತರಬಹುದಾ ಅಂತ ವರದಿ ಮಾಡಿಸುತ್ತೇವೆ ಎಂದರು. ಅದೇ ವರ್ಷ ನವೆಂಬರ್‌ನಲ್ಲಿ ಬೆಂಗಳೂರು ಮೆಟ್ರೋದ ಹಸಿರು ಮಾರ್ಗ ಮಾದಾವರ ಮುಟ್ಟಿತು. ಅಲ್ಲಿಂದ ನಮ್ಮೂರಿಗೆ ಇನ್ನೂ ಸುಮಾರು 55 ಕಿಮೀ ಇದೆ. ಮೆಟ್ರೋ ನಿಂತು ನಿಂತು ಹೋಗುವ ಗಾಡಿ, ಸರಾಸರಿ ವೇಗ ಗಂಟೆಗೆ ಸುಮಾರು 35 ಕಿಮೀ. ಆ ಲೆಕ್ಕದಲ್ಲಿ ಮಾದಾವರ ಸೇರಲೇ ಒಂದೂವರೆ ಗಂಟೆ ದಾಟುತ್ತದೆ. ಮೆಜೆಸ್ಟಿಕ್‌ಗೆ ಮತ್ತೆ ಅರ್ಧ ಗಂಟೆ. ನಿಲ್ದಾಣಗಳನ್ನು ದೂರ ದೂರ ಇಟ್ಟರೆ ಸ್ವಲ್ಪ ಉಳಿಯಬಹುದು. ಆದರೂ ಸುಮಾರು 70 ಕಿಮೀ ದೂರದ ಊರಿಗೆ ಮಾಡಿದ ಗಾಡಿ ಅದಲ್ಲ.

ಈಗ ಹಳಿ ನೋಡಿ. ತುಮಕೂರಿನಿಂದ ಬೆಂಗಳೂರಿಗೆ ಜೋಡಿ ಹಳಿ ಇದೆ, ವಿದ್ಯುತ್ ತಂತಿಯೂ ಇದೆ. ಕ್ಯಾತ್ಸಂದ್ರ, ಹಿರೇಹಳ್ಳಿ, ನಿಡವಂದ, ದೊಡ್ಡಬೆಲೆ, ಸೋಲದೇವನಹಳ್ಳಿ ಎಲ್ಲ ಕಡೆ ಸ್ಟೇಷನ್ ಇದೆ. ಇಲ್ಲದಿರುವುದು ಬೆಳಿಗ್ಗೆ ಮತ್ತು ಸಂಜೆ ಆಫೀಸಿನ ಹೊತ್ತಿಗೆ ಒಂದರ ಹಿಂದೆ ಒಂದು ಮೆಮು ರೈಲು, ಅಂದರೆ ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು. ಅದಿಲ್ಲದೆ ಪಾಸಿನವರು ಉತ್ತರ ಕರ್ನಾಟಕದ ಕಡೆಯಿಂದ ಬರುವ ಗಾಡಿಗಳಿಗೆ ಹತ್ತುತ್ತೇವೆ. ರಾತ್ರಿಯೆಲ್ಲ ಪ್ರಯಾಣ ಮಾಡಿ ಮಲಗಿದ್ದವರನ್ನು ಎಬ್ಬಿಸಿ "ಸ್ವಲ್ಪ ಸರೀರಿ" ಅನ್ನಬೇಕು. ರಿಸರ್ವೇಷನ್ ಮಾಡಿಸಿದವರಿಗೆ ಸಿಟ್ಟು ಬರುತ್ತದೆ, ಬರಬೇಕಾದ್ದೇ. ಎರಡೂ ಕಡೆಯವರು ದುಡ್ಡು ಕೊಟ್ಟಿರುತ್ತಾರೆ, ಸುಮ್ನೆ ಪರಸ್ಪರ ಬೈದುಕೊಳ್ಳುತ್ತಾರೆ.

ಹಾಗಾದರೆ ಮೆಟ್ರೋ ಕೇಳುವವರು ತಪ್ಪಾ? ಖಂಡಿತ ಅಲ್ಲ. ಇದನ್ನು ನಮ್ಮೂರಿನವರು ಬೇಗ ಮರೆಯುತ್ತಾರೆ. ತುಮಕೂರು ರೈಲು ಮಾರ್ಗ ನೆಲಮಂಗಲ ಪಟ್ಟಣವನ್ನು ಮುಟ್ಟುವುದೇ ಇಲ್ಲ. ಚಿಕ್ಕಬಾಣಾವರದಿಂದ ಅದು ಬೇರೆ ದಿಕ್ಕಿಗೆ ಹೋಗುತ್ತದೆ. ನೆಲಮಂಗಲ ಸ್ಟೇಷನ್ ಇರುವುದು ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ಲೈನಿನಲ್ಲಿ. ನಮ್ಮ ಲೈನಿನಲ್ಲಿ ಎಷ್ಟು ರೈಲು ಬಿಟ್ಟರೂ ನೆಲಮಂಗಲದವರಿಗೆ ಉಪಯೋಗವಿಲ್ಲ, ಹೆದ್ದಾರಿ ಪಕ್ಕದಲ್ಲಿ ಮೆಟ್ರೋ ಬಂದರೆ ಉಪಯೋಗ. ಅವರಿಗೆ ಮಾದಾವರ ಹತ್ತಿರವೂ ಹೌದು. ಮೆಟ್ರೋ ನೆಲಮಂಗಲದವರೆಗೆ ಬರಲಿ, ತುಮಕೂರಿಗೆ ರೈಲು ಜಾಸ್ತಿ ಆಗಲಿ ಅಂತ ನಾನು ಹೇಳುವುದು ಇದಕ್ಕೇ.

ರೈಲು ಯಾಕೆ ಜಾಸ್ತಿ ಆಗುತ್ತಿಲ್ಲ ಅಂದರೆ, ಹಳಿ ಒಬ್ಬರದು, ಯೋಜನೆ ಇನ್ನೊಬ್ಬರದು. ಬೆಂಗಳೂರು ಸಬರ್ಬನ್ ರೈಲಿಗೆ ಕೇಂದ್ರ ಒಪ್ಪಿದ್ದು 2020ರಲ್ಲಿ: ನಾಲ್ಕು ಮಾರ್ಗ, ಸುಮಾರು 148 ಕಿಮೀ, 15,767 ಕೋಟಿ ರೂಪಾಯಿ. ಅದನ್ನು ಕಟ್ಟುತ್ತಿರುವ ಕೆ-ರೈಡ್ ಕಂಪನಿಯಲ್ಲಿ ರಾಜ್ಯಕ್ಕೂ ರೈಲ್ವೆಗೂ ಪಾಲಿದೆ. ಈ ಸಬರ್ಬನ್ ಯೋಜನೆಯ ಮಲ್ಲಿಗೆ ಎಂಬ ಮಾರ್ಗ ಬೆನ್ನಿಗಾನಹಳ್ಳಿಯಿಂದ ಯಶವಂತಪುರದ ಮೇಲೆ ಚಿಕ್ಕಬಾಣಾವರಕ್ಕೆ ಬಂದು ನಿಲ್ಲುತ್ತದೆ. ಅಂದರೆ ನಮ್ಮ ಲೈನಿನ ಮೇಲೇ! ತುಮಕೂರು, ಮೈಸೂರು, ಕೋಲಾರದ ಕಡೆಗೆ ಮುಂದುವರಿಸಲು ಅಧ್ಯಯನ ಮಾಡುತ್ತೇವೆ ಎಂದು ಕೆ-ರೈಡ್ ಕೇಳಿದಾಗ, 2023ರಲ್ಲಿ ನೈಋತ್ಯ ರೈಲ್ವೆ ಒಪ್ಪಲಿಲ್ಲ. ಕಟ್ಟುವುದು ಆಮೇಲಿನ ಮಾತು, ಅಧ್ಯಯನಕ್ಕೂ ಬೇಡ ಅಂದಿದ್ದು ನನಗೆ ತುಂಬಾ ಬೇಸರದ ವಿಷಯ.

ರೈಲ್ವೆಗೂ ಕಷ್ಟ ಇದೆ, ನಿಜ. ಇದೇ ಜೋಡಿ ಹಳಿಯ ಮೇಲೆ ಎಕ್ಸ್‌ಪ್ರೆಸ್ ಓಡಬೇಕು, ಗೂಡ್ಸ್ ಓಡಬೇಕು. ಬೆಂಗಳೂರಿನ ಪ್ಲಾಟ್‌ಫಾರಂಗಳು ತುಂಬಿರುತ್ತವೆ, ಹಾಗಾಗಿ ಗಾಡಿಯನ್ನು ಔಟರ್‌ನಲ್ಲಿ, ಅಂದರೆ ಸ್ಟೇಷನ್ ಹೊರಗಿನ ಸಿಗ್ನಲ್‌ನಲ್ಲಿ, ನಿಲ್ಲಿಸಿಕೊಳ್ಳುತ್ತಾರೆ. ಚಿಕ್ಕಬಾಣಾವರದಿಂದ ಒಳಗೆ ಸಬರ್ಬನ್‌ಗೆ ಬೇರೆ ಹಳಿ ಬಂದರೆ ಅರ್ಧ ತಲೆನೋವು ಹೋಗುತ್ತದೆ. ಆದ್ದರಿಂದ ಮಲ್ಲಿಗೆ ಬೇಗ ಮುಗಿಯುವುದು ಬೆಂಗಳೂರಿನವರಷ್ಟೇ ನಮಗೂ ಮುಖ್ಯ.

ನಮ್ಮ ಸಂಸದರು ವಿ. ಸೋಮಣ್ಣ, 2024ರಿಂದ ರೈಲ್ವೆ ರಾಜ್ಯ ಸಚಿವರು. ಮೆಟ್ರೋಗೆ ಒತ್ತಾಯಿಸುತ್ತಿರುವವರು ಜಿ. ಪರಮೇಶ್ವರ. ಇಬ್ಬರಿಗೂ ಮನವಿ ಕೊಡುವುದಾದರೆ ಹೀಗೆ ಬರೆಯಿರಿ: ಆಫೀಸಿನ ಹೊತ್ತಿಗೆ ಯಶವಂತಪುರಕ್ಕೆ ಹೆಚ್ಚುವರಿ ಮೆಮು ಈಗಲೇ ಬೇಕು. ಚಿಕ್ಕಬಾಣಾವರ–ತುಮಕೂರು ಅಧ್ಯಯನಕ್ಕೆ ಕೆ-ರೈಡ್‌ಗೆ ಒಪ್ಪಿಗೆ ಬೇಕು.