ಧೈರ್ಯ ಬಂದಮೇಲೆ ಒಪ್ಕೋತೀನಿ ಅಂದ್ರೆ, ಧೈರ್ಯ ಬರೋದು ಯಾವಾಗ?

ಪ್ರಶ್ನೆ: ಮೇಡಂ, ನನಗೆ 29 ವರ್ಷ, ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡ್ಕೋತೀನಿ, ಸೇರಿ ಆರು ವರ್ಷ ಆಯ್ತು. ಲೆಕ್ಕದಲ್ಲಿ ನನ್ನ ಕೈ ಪಕ್ಕಾ ಅಂತ ಎಲ್ರೂ ಹೇಳ್ತಾರೆ. ಈಗ ನಮ್ಮ ಮ್ಯಾನೇಜರ್, ತಿಂಗಳ ರಿಪೋರ್ಟನ್ನ ಇನ್ಮೇಲೆ ಡೈರೆಕ್ಟರ್‌ಗಳ ಮುಂದೆ ನೀನೇ ಪ್ರೆಸೆಂಟ್ ಮಾಡು ಅಂತಿದ್ದಾರೆ. ಕೇಳಿದ ದಿನದಿಂದ ನಿದ್ದೆ ಸರಿ ಇಲ್ಲ. ಹೋದ ವರ್ಷಾನೂ ಕೇಳಿದ್ರು, ಏನೋ ನೆಪ ಹೇಳಿ ತಪ್ಪಿಸ್ಕೊಂಡೆ, ನನಗಿಂತ ಜೂನಿಯರ್ ಒಬ್ಬಳು ಒಪ್ಕೊಂಡ್ಲು, ಈಗ ಅವಳು ಒಳ್ಳೆ ಪೋಸ್ಟ್ ಸಿಕ್ಕಿ ಬೇರೆ ಕಡೆ ಹೋದ್ಲು. ಸ್ವಲ್ಪ ಕಾನ್ಫಿಡೆನ್ಸ್ ಬರ್ಲಿ, ಆಮೇಲೆ ಮಾಡ್ತೀನಿ ಅಂತ ಹೇಳೋಣ ಅಂದ್ಕೊಂಡಿದೀನಿ. ಕಾನ್ಫಿಡೆನ್ಸ್ ಬೆಳೆಸ್ಕೊಳ್ಳೋಕೆ ಏನ್ ಮಾಡ್ಬೇಕು?

ಉತ್ತರ: ಕೊನೇ ಎರಡು ಸಾಲು ಓದಿ ಸ್ವಲ್ಪ ನಗು ಬಂತು, ಬೇಜಾರು ಮಾಡ್ಕೋಬೇಡಿ, ಯಾಕಂದ್ರೆ ಇದೇ ಮಾತನ್ನ ನಾನೂ ಎಷ್ಟೋ ವರ್ಷ ಹೇಳ್ಕೊಂಡು ಓಡಾಡಿದೋಳು. ಈಜು ಕಲಿತಮೇಲೆ ನೀರಿಗಿಳೀತೀನಿ ಅಂದಂಗೆ ಇದು. ಕಾನ್ಫಿಡೆನ್ಸ್ ಮೊದಲು ಬಂದು ಆಮೇಲೆ ಕೆಲಸ ಶುರುವಾಗೋದು ಅಪರೂಪ. ಹೆದರ್ತಾ ಹೆದರ್ತಾನೇ ಒಂದೆರಡು ಸಲ ಮಾಡಿ ಮುಗಿಸಿದೋರಿಗೆ ಅದು ಹಿಂದಿನಿಂದ ಬರುತ್ತೆ, ತಡವಾಗಿ, ಹೇಳದೇ ಕೇಳದೇ.

ಹೋದ ವರ್ಷ ನೀವು ನೆಪ ಹೇಳಿದ ಆ ಕ್ಷಣ ಸ್ವಲ್ಪ ನೆನಪು ಮಾಡ್ಕೊಳ್ಳಿ. ಮ್ಯಾನೇಜರ್ ಸರಿ ಬಿಡು ಅಂದಿದ್ದೇ ತಡ, ಎದೆ ಹಗುರ ಆಗಿರುತ್ತೆ, ಅಬ್ಬಾ ಬದುಕಿದೆ ಅನ್ಸಿರುತ್ತೆ. ಅದೇ ಅಪಾಯ. ತಪ್ಪಿಸ್ಕೊಂಡಾಗ ಸಿಗೋ ಆ ನೆಮ್ಮದಿ ಮನಸ್ಸಿಗೆ ಬಹುಮಾನ ಇದ್ದಂಗೆ, ಅದು ಕಲಿಯೋದೇನು ಅಂದ್ರೆ ಓಡಿದ್ದಕ್ಕೇ ಉಳ್ಕೊಂಡೆ, ಮುಂದಿನ ಸಲಾನೂ ಓಡು ಅಂತ. ಆ ಮೀಟಿಂಗ್ ರೂಮಲ್ಲಿ ನಿಜಕ್ಕೂ ಏನಾಗ್ತಿತ್ತು ಅನ್ನೋದು ನಿಮಗೆ ಗೊತ್ತಾಗ್ಲೇ ಇಲ್ವಲ್ಲ, ಹಾಗಾಗಿ ಒಂದು ವರ್ಷ ಕಳೆದ್ರೂ ಭಯ ಹೊಸದಾಗೇ ಇದೆ, ಬಹುಶಃ ಸ್ವಲ್ಪ ಬಡ್ಡಿ ಸೇರಿ ಇದೆ. ಮೌರರ್ ಅನ್ನೋ ಮನಶ್ಶಾಸ್ತ್ರಜ್ಞ 1947ರಲ್ಲೇ ಇದನ್ನ ಎರಡು ಹಂತದಲ್ಲಿ ಬಿಡಿಸಿಟ್ಟಿದ್ದ, ಭಯ ಹುಟ್ಟೋದು ಒಂದು ದಾರಿಯಲ್ಲಿ, ಉಳಿಯೋದು ಇನ್ನೊಂದು ದಾರಿಯಲ್ಲಿ, ಉಳಿಸೋದು ಈ ತಪ್ಪಿಸ್ಕೊಳ್ಳೋ ಅಭ್ಯಾಸವೇ.

ಹಾಗಂತ ಕಣ್ಮುಚ್ಚಿ ಹಾರಿಬಿಡಿ ಅಂತಾನೂ ನಾನು ಹೇಳಲ್ಲ. ಆಲ್ಬರ್ಟ್ ಬಂಡೂರಾ ಅಂತ ಒಬ್ರು ಮನಶ್ಶಾಸ್ತ್ರಜ್ಞರಿದ್ರು, 1960ರ ದಶಕದ ಕೊನೆಯಲ್ಲಿ ಹಾವು ಅಂದ್ರೆ ಜೀವ ಬಿಡೋ ಜನರನ್ನ ಕರೆಸಿ ಪ್ರಯೋಗ ಮಾಡಿದ್ರು. ಒಂದು ಗುಂಪಿಗೆ ಬೇರೆಯವರು ಹಾವು ಹಿಡಿಯೋ ಫಿಲಂ ತೋರಿಸಿದ್ರು, ಇನ್ನೊಂದು ಗುಂಪಿಗೆ ಮೈ ಸಡಿಲ ಬಿಟ್ಟು ಹಾವನ್ನ ಕಲ್ಪಿಸ್ಕೊಳ್ಳೋದು ಹೇಳ್ಕೊಟ್ರು, ಮತ್ತೊಂದು ಗುಂಪಿನವರ ಜೊತೆ ನಿಂತು ಮೊದಲು ತಾವು ಮುಟ್ಟಿ ತೋರಿಸಿ, ಆಮೇಲೆ ಅವರ ಕೈಯಲ್ಲೇ ಹಂತ ಹಂತವಾಗಿ ಮುಟ್ಟಿಸಿದ್ರು, ಗ್ಲೌಸ್ ಹಾಕ್ಕೊಂಡು ಶುರು ಮಾಡಿ ಬರಿಗೈಗೆ ಬರೋ ತನಕ. ಗೆದ್ದಿದ್ದು ಈ ಕೊನೇ ಗುಂಪು. 1977ರಲ್ಲಿ ಅವರು ಬರೆದ ಪ್ರಬಂಧದಲ್ಲಿ, ನನ್ನಿಂದಾಗುತ್ತೆ ಅನ್ನೋ ನಂಬಿಕೆಗೆ ನಾಲ್ಕು ಮೂಲ ಹೇಳ್ತಾರೆ: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥೋರು ಮಾಡಿದ್ದನ್ನ ನೋಡೋದು, ಬೇರೆಯವರ ಪ್ರೋತ್ಸಾಹದ ಮಾತು, ಆಮೇಲೆ ನಮ್ಮ ಮೈಯಲ್ಲಾಗೋದನ್ನ ನಾವು ಹೇಗೆ ಅರ್ಥ ಮಾಡ್ಕೋತೀವಿ ಅನ್ನೋದು. ಇದ್ರಲ್ಲಿ ಎಲ್ಲಕ್ಕಿಂತ ಗಟ್ಟಿ ಮೊದಲನೇದು. ನಮ್ಮ ಜನ ಮೂರನೇದನ್ನೇ ಹಿಡ್ಕೊಂಡು ಕೂತಿರ್ತಾರೆ, ನೀನು ಮಾಡ್ತೀಯ ಕಣೇ, ನಿನ್ನ ಕೈಲಾಗುತ್ತೆ ಅಂತ ಸ್ಟೇಟಸ್ ಹಾಕ್ಕೊಂಡು. ಅದು ಕೇಳೋಕೆ ಚೆಂದ, ಬೆಳಿಗ್ಗೆ ಹೊತ್ತಿಗೆ ಇಳಿದಿರುತ್ತೆ.

ನಿಮ್ಮ ವಿಷಯಕ್ಕೆ ಬರ್ತೀನಿ. ನಾಳೇನೇ ಹೋಗಿ ಒಪ್ಕೊಳ್ಳಿ, ಆದ್ರೆ ಒಪ್ಕೊಳ್ಳೋವಾಗ್ಲೇ ಒಂದು ಮಾತು ಕೇಳಿ: ಮೊದಲನೇ ತಿಂಗಳು ರಿಪೋರ್ಟಿನ ಒಂದು ಭಾಗ ಮಾತ್ರ ನಾನು ಹೇಳ್ತೀನಿ ಸರ್, ಖರ್ಚಿನ ಭಾಗ, ಐದು ನಿಮಿಷ, ಉಳಿದಿದ್ದು ನೀವು ನೋಡ್ಕೊಳ್ಳಿ ಅಂತ. ಕೆಲಸ ಕೊಡ್ತೀನಿ ಅಂತ ಎರಡು ಸಲ ಕೇಳಿದ ಮ್ಯಾನೇಜರ್ ಇದಕ್ಕೆ ಬೇಡ ಅನ್ನೋ ಚಾನ್ಸ್ ಕಮ್ಮಿ. ಅದಕ್ಕೂ ಮೊದಲು ನಿಮ್ಮ ಟೀಮ್ ಮೀಟಿಂಗಲ್ಲಿ ಅದೇ ಐದು ನಿಮಿಷನ್ನ ಒಂದೆರಡು ಸಲ ನಿಂತ್ಕೊಂಡು ಹೇಳಿ, ಮನಸ್ಸಲ್ಲೇ ಓದ್ಕೊಳ್ಳೋದು ಲೆಕ್ಕಕ್ಕಿಲ್ಲ, ಬಾಯಿಂದ ಹೊರಗೆ ಬರ್ಬೇಕು. ಎರಡನೇ ತಿಂಗಳು ಅರ್ಧ, ಮೂರನೇ ತಿಂಗಳು ಪೂರ್ತಿ. ನಡುವೆ ಮೂರು ನಾಲ್ಕು ತಿಂಗಳು ಗ್ಯಾಪ್ ಬಿಟ್ರೆ ಮತ್ತೆ ಮೊದಲಿಂದ ಶುರು ಮಾಡ್ದಂಗೆ ಆಗುತ್ತೆ, ಅದಕ್ಕೆ ಬಿಸಿ ಆರೋಕೆ ಬಿಡ್ಬೇಡಿ.

ಇನ್ನೊಂದು, ಇದನ್ನ ದಯವಿಟ್ಟು ಮಾಡಿ. ಪ್ರೆಸೆಂಟೇಶನ್ ಹಿಂದಿನ ದಿನ ಒಂದು ಚೀಟಿಯಲ್ಲಿ, ನಾಳೆ ಏನಾಗುತ್ತೆ ಅಂತ ನಿಮ್ಮ ಭಯ ಹೇಳ್ತಿದೆಯೋ ಅದನ್ನ ಬರೀರಿ. ಚೆನ್ನಾಗಾಗಲ್ಲ ಅಂತ ಮೋಟಾಗಿ ಬರೀಬೇಡಿ, ಧ್ವನಿ ನಡುಗುತ್ತೆ, ಯಾರೋ ಒಬ್ರು ನಗ್ತಾರೆ, ಒಂದು ಪ್ರಶ್ನೆಗೆ ಉತ್ತರ ಬರದೇ ಬಾಯಿ ಕಟ್ಟುತ್ತೆ, ಈ ಥರ, ಆಮೇಲೆ ನೋಡಿ ಹೌದು ಇಲ್ಲ ಅಂತ ಟಿಕ್ ಹಾಕೋಕಾಗೋ ಹಂಗೆ. ಸಂಜೆ ಬಂದು ಟಿಕ್ ಹಾಕಿ. ಧ್ವನಿ ನಡುಗಿರಬಹುದು, ಅದು ನಿಜ ಆಗೋ ಸಾಧ್ಯತೆ ಇದ್ದೇ ಇದೆ, ಆದ್ರೆ ನಗೋರು ಸಿಗೋದು ಕಷ್ಟ. ಮತ್ತೆ ನಡುಗಿದ್ರೂ ಮುಗಿಸಿ ಬಂದ್ರಲ್ಲ, ಅದು ಭಯದ ಲೆಕ್ಕದಲ್ಲಿ ಇರ್ಲೇ ಇಲ್ಲ. ನೀವು ಅಕೌಂಟ್ಸ್ ಅವರಲ್ವಾ, ಎರಡು ಕಾಲಂ ತಾಳೆ ಹಾಕಿ ನೋಡೋದು ನಿಮಗೆ ಹೇಳ್ಕೊಡಬೇಕಾ.

ಊರುಗೋಲುಗಳ ಬಗ್ಗೆ ಸ್ವಲ್ಪ ಹುಷಾರು. ನಾನು ಮೊದಲನೇ ಸಲ ಒಂದು ಸಭೆಯಲ್ಲಿ ಮಾತಾಡಿದಾಗ ಹನ್ನೆರಡು ಪುಟ ಬರ್ಕೊಂಡು ಹೋಗಿದ್ದೆ, ತಲೆ ಎತ್ತದೇ ಅಕ್ಷರ ಬಿಡದೇ ಓದಿ ಮುಗಿಸಿದೆ. ಜನ ಚಪ್ಪಾಳೆ ಹೊಡೆದ್ರು (ಮುಗೀತಲ್ಲ ಅಂತ ಇರಬೇಕು). ಆದ್ರೆ ನನಗೆ ಒಂಚೂರೂ ಧೈರ್ಯ ಬರ್ಲಿಲ್ಲ, ಯಾಕಂದ್ರೆ ಮನಸ್ಸು ಆ ಗೆಲುವನ್ನ ನನ್ನ ಖಾತೆಗೆ ಹಾಕ್ಲಿಲ್ಲ, ಕಾಗದದ ಖಾತೆಗೆ ಹಾಕ್ತು. ಮುಂದಿನ ಸಲ ಪುಟ ಒಂದು ಹಿಂದೆ ಮುಂದೆ ಆಗಿ, ಅರ್ಧ ನಿಮಿಷ ಹುಡುಕ್ತಾ ನಿಂತಾಗ ಬೆವರಿಳಿದು ಹೋಯ್ತು. ಸ್ಲೈಡ್ ನೋಡ್ಕೊಂಡೇ ಓದೋದು, ಆನ್‌ಲೈನ್ ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡೋದು, ಪಕ್ಕದಲ್ಲಿ ಗೆಳತಿ ಇದ್ರೆ ಮಾತ್ರ ಬಾಯಿ ಬಿಡೋದು, ಎಲ್ಲ ಇದೇ ಜಾತಿ. ಶುರುವಲ್ಲಿ ಇರ್ಲಿ, ಆ ಗ್ಲೌಸ್ ಥರ, ಆದ್ರೆ ಯಾವತ್ತು ತೆಗೀತೀನಿ ಅಂತ ಮೊದಲೇ ಗೊತ್ತು ಮಾಡ್ಕೊಂಡಿರಿ. ನನ್ನ ಹನ್ನೆರಡು ಪುಟ ಈಗ ಅಂಗೈಯಗಲ ಚೀಟಿ ಆಗಿದೆ, ಅದರಲ್ಲಿ ನಾಲ್ಕು ಪದ ಇರುತ್ತೆ.

ಆ ದಿನ ಎದೆ ಡವಡವ ಅನ್ನುತ್ತೆ, ಅನ್ನಲಿ. ಸಮಾಧಾನ ಸಮಾಧಾನ ಅಂತ ಅದನ್ನ ಒತ್ತಿ ಹಿಡಿಯೋಕೆ ಹೋಗಬೇಡಿ. ಆಲಿಸನ್ ವುಡ್ ಬ್ರೂಕ್ಸ್ ಅನ್ನೋ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಂದ ಕರೋಕೆ ಹಾಡಿಸಿದ್ರು, ಭಾಷಣ ಮಾಡಿಸಿದ್ರು, ಗಣಿತ ಮಾಡಿಸಿದ್ರು. ಅದಕ್ಕೂ ಮೊದಲು ನನಗೆ ಜೋಶ್ ಬಂದಿದೆ ಅಂತ ಹೇಳ್ಕೊಂಡೋರು, ಶಾಂತವಾಗಿರು ಅಂತ ತಮಗೆ ತಾವೇ ಹೇಳ್ಕೊಂಡೋರಿಗಿಂತ ಚೆನ್ನಾಗಿ ಮಾಡಿದ್ರು. ಹೆದರಿಕೆಗೂ ಉತ್ಸಾಹಕ್ಕೂ ಮೈಯಲ್ಲಾಗೋದು ಹೆಚ್ಚುಕಮ್ಮಿ ಒಂದೇ, ಹೆಸರು ಮಾತ್ರ ಬೇರೆ. ಓಡ್ತಿರೋ ಎದೆಯನ್ನ ನಿಲ್ಲಿಸೋದಕ್ಕಿಂತ ಅದರ ಹೆಸರು ಬದಲಾಯಿಸೋದು ಸುಲಭ. ಕೇಳೋಕೆ ಪೆದ್ದುಪೆದ್ದಾಗಿದೆ, ನನಗೂ ಹಾಗೇ ಅನ್ಸಿತ್ತು, ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ಹೇಳಿ, ಯಾರಿಗೂ ಕೇಳ್ಸಲ್ಲ.

ಎಲ್ರೂ ನನ್ನ ನಡುಕವನ್ನೇ ನೋಡ್ತಾರೆ ಅನ್ನೋ ಭ್ರಮೆಗೂ ಒಂದು ಪ್ರಯೋಗ ಇದೆ, 2000ದಲ್ಲಿ ಪ್ರಕಟವಾಗಿದ್ದು. ವಿದ್ಯಾರ್ಥಿಗಳಿಗೆ ಮುಜುಗರ ಆಗೋ ಚಿತ್ರದ ಟೀ ಶರ್ಟ್ ಹಾಕಿಸಿ ಜನ ಕೂತಿದ್ದ ರೂಮಿಗೆ ಕಳಿಸಿದ್ರು. ಹೆಚ್ಚುಕಮ್ಮಿ ಅರ್ಧದಷ್ಟು ಜನ ಗಮನಿಸಿರ್ತಾರೆ ಅಂತ ಹಾಕ್ಕೊಂಡೋರು ಅಂದ್ಕೊಂಡ್ರು, ನಿಜಕ್ಕೂ ಗಮನಿಸಿದೋರು ಅದರ ಅರ್ಧದಷ್ಟು.

ಕೊನೆಗೆ ಒಂದು, ಎಲ್ಲಾ ಭಯಾನೂ ಗೆಲ್ಲೋಕಿರೋದಲ್ಲ. ನಾಳೆ ಇದೇ ಡೈರೆಕ್ಟರ್‌ಗಳು ಲಾಭ ಸ್ವಲ್ಪ ಜಾಸ್ತಿ ಕಾಣೋ ಹಂಗೆ ಅಂಕಿ ತಿದ್ದು ಅಂದ್ರೆ ಆಗ ಬರೋ ಭಯ ಇದೆಯಲ್ಲ, ಅದರ ಮಾತು ಕೇಳಿ. ಟ್ರೈನಿಂಗ್ ಇಲ್ದೇ ಹೈವೋಲ್ಟೇಜ್ ಲೈನ್ ಮುಟ್ಟು ಅಂದ್ರೂ ಹಾಗೇ. ಭಯ ಬಂದಾಗ ನಾನು ಕೇಳ್ಕೊಳ್ಳೋದು ಇಷ್ಟು: ಇದು ಕೆಟ್ರೆ ಹೋಗೋದು ನನ್ನ ಮರ್ಯಾದೆ ಮಾತ್ರಾನಾ, ಅಥವಾ ಯಾರದ್ದಾದ್ರೂ ಜೀವ, ದುಡ್ಡು, ನ್ಯಾಯ ಹೋಗುತ್ತಾ? ಮರ್ಯಾದೆ ಮಾತ್ರ ಅಂದ್ರೆ ಮುಂದೆ ಹೋಗ್ತೀನಿ. ಅದು ಹೋದ್ರೂ ಒಂದು ವಾರದಲ್ಲಿ ವಾಪಸ್ ಬಂದಿರುತ್ತೆ.

ಪ್ರಶ್ನೆ: ಮೇಡಂ, ನೀವು ಹೇಳೋ ಥರ ಧೈರ್ಯ ಮಾಡಿ ಟೀಮ್ ಲೀಡ್ ಆಗೋಕೆ ಒಪ್ಕೊಂಡೆ. ಏಳು ಜನರ ಟೀಮು. ಐದೇ ತಿಂಗಳಲ್ಲಿ ಎರಡು ಡೆಡ್‌ಲೈನ್ ಮಿಸ್ ಆಯ್ತು, ಇಬ್ರು ನನ್ನ ಮೇಲೆ ಕಂಪ್ಲೇಂಟ್ ಕೊಟ್ರು, ವಾಪಸ್ ಹಳೇ ಕೆಲಸಕ್ಕೆ ಹಾಕಿದ್ರು. ಮೊದಲು ಇದ್ದ ಕಾನ್ಫಿಡೆನ್ಸೂ ಹೋಯ್ತು. ಈಗ ಒಂದು ಮೇಲ್ ಕಳಿಸೋಕೂ ಮೂರು ಸಲ ಓದ್ತೀನಿ. ಸುಮ್ನೆ ಇದ್ದಿದ್ರೇ ಚೆನ್ನಾಗಿತ್ತು ಅಲ್ವಾ?

ಉತ್ತರ: ನಿಮಗೆ ಸುಳ್ಳು ಸಮಾಧಾನ ಹೇಳಲ್ಲ. ಸೋಲೇ ಗೆಲುವಿನ ಮೆಟ್ಟಿಲು ಅನ್ನೋದು ಯಾವಾಗ್ಲೂ ನಿಜ ಅಲ್ಲ. ಮೇಲೆ ಹೇಳಿದ ಬಂಡೂರಾನೇ ಬರ್ದಿದ್ದಾರೆ, ನಂಬಿಕೆ ಇನ್ನೂ ಬೇರು ಬಿಡೋ ಮೊದಲೇ ಬಂದ ಸೋಲು ಜಾಸ್ತಿ ಪೆಟ್ಟು ಕೊಡುತ್ತೆ ಅಂತ. ನಾಲ್ಕಾರು ಸಲ ಗೆದ್ದಮೇಲೆ ಸೋತ್ರೆ ಮನಸ್ಸು ತಡ್ಕೊಳ್ಳುತ್ತೆ, ಮೊದಲನೇ ಸಲಾನೇ ಬಿದ್ರೆ ಇಡೀ ಆಸಾಮೀನೇ ಬಿದ್ದಂಗೆ ಅನ್ಸುತ್ತೆ. ನಿಮ್ಮ ಧೈರ್ಯದಲ್ಲಿ ತಪ್ಪಿರ್ಲಿಲ್ಲ, ತುತ್ತು ದೊಡ್ಡದಾಯ್ತು, ಅದನ್ನ ಬಾಯಿಗಿಟ್ಟೋರು ನಿಮ್ಮ ಮೇಲಿನವರು ಅನ್ನೋದನ್ನೂ ಮರೀಬೇಡಿ. ಒಂದು ದಿನಾನೂ ಯಾರನ್ನೂ ಮ್ಯಾನೇಜ್ ಮಾಡದೋರಿಗೆ ಒಂದೇ ಸಲ ಏಳು ಜನ.

ಈಗ ಒಂದು ಕೆಲಸ ಮಾಡಿ, ಆ ಐದು ತಿಂಗಳನ್ನ ಬಿಡಿ ಬಿಡಿಯಾಗಿ ನೋಡಿ. ಕೆಲಸ ಹಂಚಿದ್ದು ಹೇಗಿತ್ತು, ಗಡುವು ಲೆಕ್ಕ ಹಾಕಿದ್ದು ಹೇಗಿತ್ತು, ಒಬ್ರು ಸರಿಯಾಗಿ ಮಾಡ್ದೇ ಇದ್ದಾಗ ಅವರಿಗೆ ಮುಖ ಕೊಟ್ಟು ಹೇಳಿದ್ರಾ ಇಲ್ಲ ನೀವೇ ರಾತ್ರಿ ಕೂತು ಸರಿ ಮಾಡಿದ್ರಾ. ನನ್ನ ಹತ್ರ ಬರೋ ಹೊಸ ಲೀಡ್‌ಗಳಲ್ಲಿ ಸುಮಾರು ಜನ ಬೀಳೋದು ಈ ಕೊನೇದ್ರಲ್ಲಿ. ಅದು ಕಲಿಯೋಕಾಗೋ ವಿದ್ಯೆ, ಹುಟ್ಟಿನಿಂದ ಬಂದ ಕೊರತೆ ಏನಲ್ಲ. ಯಾವುದು ಕೆಟ್ಟಿತ್ತೋ ಆ ಒಂದು ತುಂಡನ್ನ ಮಾತ್ರ ಮತ್ತೆ ಕೈಗೆ ತಗೊಳ್ಳಿ: ಒಬ್ಬ ಹೊಸಬನಿಗೆ ಎರಡು ವಾರ ಕೆಲಸ ಕಲಿಸೋದು, ಅವನು ತಪ್ಪು ಮಾಡಿದ್ರೆ ಅದೇ ದಿನ ಹೇಳೋದು. ಸದ್ಯಕ್ಕೆ ಅಷ್ಟೇ. ಇನ್ನೊಂದು ಲೀಡ್ ಪೋಸ್ಟ್ ಈಗ ಸಿಕ್ರೂ ಬೇಡ ಅನ್ನಿ ಅಂತಾನೇ ನನ್ನ ಸಲಹೆ.

ಮೇಲ್ ವಿಷಯ: ದಿನಕ್ಕೆ ಒಂದು ಮೇಲ್, ದೊಡ್ಡ ನಷ್ಟ ಆಗದಂಥದ್ದು, ಒಂದೇ ಸಲ ಓದಿ ಕಳಿಸಿಬಿಡಿ. ಕಳಿಸಿದ್ಮೇಲೆ ಸೆಂಟ್ ಫೋಲ್ಡರ್ ತೆಗೆದು ನೋಡಂಗಿಲ್ಲ. ಮೊದಲ ಮೂರು ದಿನ ಕೈ ತುರಿಸುತ್ತೆ.

ಆಮೇಲೆ, ಈ ಕುಗ್ಗಿದ ಮನಸ್ಸು ಆಫೀಸ್ ಬಿಟ್ಟು ಮನೇಗೂ ಬಂದಿದ್ರೆ, ನಿದ್ದೆ, ಹಸಿವು ಎಲ್ಲ ಕೆಟ್ಟು ಎರಡು ವಾರ ದಾಟಿದ್ರೆ, ಆಗ ಈ ಉಪಾಯಗಳು ಸಾಕಾಗಲ್ಲ, ಒಬ್ಬ ಮನೋವೈದ್ಯರನ್ನೋ ಕೌನ್ಸೆಲರನ್ನೋ ನೇರವಾಗಿ ನೋಡಿ.

ಪ್ರಶ್ನೆ: ಎಂಟು ವರ್ಷದಿಂದ ಟ್ರೈನಿಂಗ್ ಕೊಡ್ತಿದೀನಿ, ಇವತ್ತಿಗೂ ಶುರು ಮಾಡೋ ಮೊದಲು ಹೊಟ್ಟೆ ತೊಳಸುತ್ತೆ. ಎಲ್ರೂ ಹೊಗಳ್ತಾರೆ, ನನಗೆ ಮಾತ್ರ ಏನೋ ಅದೃಷ್ಟ, ಒಂದಿನ ಸಿಕ್ಕಿ ಬೀಳ್ತೀನಿ ಅನ್ಸುತ್ತೆ. ಇದು ಯಾವಾಗ ಹೋಗುತ್ತೆ?

ಉತ್ತರ: ಹೊಟ್ಟೆ ತೊಳಸೋದು ಪೂರ್ತಿ ಹೋಗದೇ ಇರಬಹುದು. ಎಂಟು ವರ್ಷ ಅದನ್ನ ಇಟ್ಕೊಂಡೇ ಕೆಲಸ ಮಾಡಿದೀರಲ್ಲ, ಅಂದಮೇಲೆ ಅದು ಹೋಗಲೇಬೇಕು ಅಂತ ಯಾಕೆ ಹಠ? ಸಿಕ್ಕಿ ಬೀಳ್ತೀನಿ ಅನ್ನೋ ಭಾವನೆಗೆ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಇಂಪೋಸ್ಟರ್, ಅಂದ್ರೆ ಇಲ್ಲದ ಯೋಗ್ಯತೆಯ ಸೋಗು ಹಾಕಿದೋರು, ಅಂತ ಹೆಸರಿಟ್ರು, ಅವರು ಅದನ್ನ ಕಂಡಿದ್ದು ತಮ್ಮ ಕ್ಷೇತ್ರದಲ್ಲಿ ಒಳ್ಳೆ ಹೆಸರು ಮಾಡಿದ ಹೆಣ್ಣುಮಕ್ಕಳಲ್ಲಿ. ನೀವು ಮುಂದಿನ ಟ್ರೈನಿಂಗ್ ಆದ್ಮೇಲೆ, ಅದು ಚೆನ್ನಾಗಾಗೋಕೆ ನೀವು ಮಾಡಿದ ಮೂರು ಕೆಲಸ ಬರ್ದಿಡಿ, ಉದಾಹರಣೆ ಬದಲಾಯಿಸಿದ್ದು, ಹಿಂದಿನ ಸಾಲಿನವರನ್ನ ಮಾತಾಡಿಸಿದ್ದು, ಈ ಥರ ಸಣ್ಣವೇ ಸಾಕು. ಅದೃಷ್ಟ ಅಂತ ಮಾತ್ರ ಬರೆಯೋ ಹಾಗಿಲ್ಲ. ಹತ್ತು ಟ್ರೈನಿಂಗ್ ಮುಗಿದ್ಮೇಲೆ ಆ ಹಾಳೆಗಳನ್ನ ಒಟ್ಟಿಗೆ ಓದಿ, ಓದಿ ಏನನ್ನಿಸ್ತು ಅಂತ ನನಗೊಂದು ಸಾಲು ಬರೀರಿ.